ನನ್ನ ಮರಿಮಗನ ಕತ್ತಿನಲ್ಲಿ ಬಿಡಾರ ಹೂಡಿದ ಬೆವರುಸಾಲೆಯವರಿಗೆ

ಮಾನ್ಯ ಬೆವರುಸಾಲೆಯವರೇ,

ಬಿಟ್ಟಂಗಾಲದ ಹತ್ತಿರದ ತೋಟದ ಮನೆಯಿಂದ ಪೂವಮ್ಮ ಮಾಡುವ ಸವಿನಯ ನಮಸ್ಕಾರಗಳು. ತಾವೂ ತಮ್ಮ ಕೆಂಪು ಪರಿವಾರದವರೂ ನನ್ನ ನಾಲ್ಕು ತಿಂಗಳ ಮರಿಮಗನ ಕತ್ತಿನ ಮಡಿಕೆಯಲ್ಲಿ ಸುಖವಾಗಿದ್ದುದನ್ನು ಕಣ್ಣಾರೆ ಕಂಡಿರುವುದರಿಂದ ಕುಶಲ ವಿಚಾರಿಸುವುದಿಲ್ಲ.

ತಾವು ಕರಾವಳಿಯ ದೊಡ್ಡ ಮನೆತನದವರೆಂದು ಕೇಳಿದ್ದೇನೆ. ನನ್ನ ಎಪ್ಪತ್ತೆಂಟು ವರ್ಷಗಳಲ್ಲಿ ತಾವು ಈ ಕಡೆ ತಲೆ ಹಾಕಿದ್ದಿಲ್ಲ. ಫ್ಯಾನ್ ಹಾಕಿಸೋಣವೆಂದು ಮೊಮ್ಮಗ ಮಿಲನ್ ಮೂರು ವರ್ಷದಿಂದ ಕೇಳುತ್ತಿದ್ದರೂ, ಕೊಡಗಿನ ಮನೆಗೆ ಫ್ಯಾನ್ ಎಂದರೆ ಮರ್ಯಾದೆಗೇಡು ಎಂದು ನಾನು ಒಪ್ಪಿಲ್ಲ. ಹೀಗಿರುವಾಗ ಈ ಏಪ್ರಿಲಿನಲ್ಲಿ ಮಾಕುಟ್ಟದ ಘಾಟಿ ಹತ್ತಿ ಬಂದು, ನೇರವಾಗಿ ತೊಟ್ಟಿಲಿಗೇ ಇಳಿದ ತಮ್ಮ ಧೈರ್ಯವನ್ನು ಮೆಚ್ಚಲೇಬೇಕು.

ನನ್ನ ಆರೈಕೆಯಲ್ಲಿ ಏನು ಕೊರತೆ ಕಂಡಿರಿ? ದಿನವೂ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೈಯೆಲ್ಲ ತೆಂಗಿನೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಕತ್ತಿಗೆ ಧಾರಾಳವಾಗಿ ಪೌಡರ್ ಬಳಿದು, ನಾನೇ ಹೆಣೆದ ಉಣ್ಣೆಯ ಸ್ವೆಟರ್, ಕುಲಾವಿ, ಕಾಲುಚೀಲ ತೊಡಿಸಿ, ಮೇಲೊಂದು ಕಂಬಳಿ ಸುತ್ತುತ್ತಿದ್ದೆ. ನನ್ನ ಐದು ಮಕ್ಕಳೂ ಒಂಬತ್ತು ಮೊಮ್ಮಕ್ಕಳೂ ಬೆಳೆದದ್ದು ಹೀಗೆಯೇ.

ಕೂಸನ್ನು ನೋಡಲು ಬಂದ ನರ್ಸ್ ಯಮುನ ಕಂಬಳಿ ಬಿಚ್ಚಿದವಳೇ, "ಪೂವಮ್ಮಜ್ಜಿ, ಕೂಸನ್ನ ಸಾಕ್ತಾ ಇದ್ದೀರೋ, ಕಡಂಬುಟ್ಟಿನ ಉಂಡೆಯ ಹಾಗೆ ಹಬೇಲಿ ಬೇಯಿಸ್ತಾ ಇದ್ದೀರೋ?" ಎಂದಳು. ಎಣ್ಣೆ, ಪೌಡರಿನಿಂದ ಬೆವರಿನ ದಾರಿ ಮುಚ್ಚಿ, ಉಣ್ಣೆಯ ಸೆಕೆಗೆ ಸುರಿದ ಬೆವರು ಚರ್ಮದೊಳಗೇ ಸಿಕ್ಕಿಬಿದ್ದು ತಾವು ಹುಟ್ಟಿದಿರಂತೆ. ಅಂದರೆ ತಮ್ಮನ್ನು ಹೆತ್ತವಳು ನಾನೇ! ಮಿಲನನ ಹೆಂಡತಿ ಕವನಾ ಆ ಕ್ಷಣವೇ, "ನಾಳೆಯಿಂದ ನಾನೇ ಮೀಯಿಸ್ತೇನೆ ಅಜ್ಜಿ, ನೀವು ಆರಾಮ ಮಾಡಿ" ಎಂದಳು. ಅರವತ್ತು ವರ್ಷಗಳಿಂದ ಈ ಮನೆಯ ಕೂಸುಗಳಿಗೆ ಬೇರೆ ಯಾರೂ ನೀರು ಹೊಯ್ದಿಲ್ಲ. ತಮ್ಮ ಕೃಪೆಯಿಂದ ಹನ್ನೊಂದು ದಿನ ಬಚ್ಚಲಿನ ಹೊರಗೆ ಟವೆಲ್ ಹಿಡಿದು ನಿಂತು ಆರಾಮ ಮಾಡಿದೆ.

ಆದ್ದರಿಂದ ತಾವು ಜಾಗ ಖಾಲಿ ಮಾಡುವ ಮೊದಲು, ನನ್ನ ಎಣ್ಣೆಗೂ ತಮ್ಮ ಜನನಕ್ಕೂ ಸಂಬಂಧವಿಲ್ಲವೆಂದು ಲಿಖಿತ ಪ್ರಮಾಣಪತ್ರ ಕೊಡಬೇಕಿತ್ತು. ಅದಾಗದಿದ್ದರೆ ನಮ್ಮ ಹಳೆಯ ತಂಪು ಏಪ್ರಿಲ್ ತಿಂಗಳನ್ನಾದರೂ ವಾಪಸು ತಂದುಕೊಡಬೇಕಿತ್ತು.

ಆದರೆ ತಾವು ಮಾಡಿದ್ದೇನು? ಎಣ್ಣೆ ನಿಂತು, ತೆಳು ಹತ್ತಿ ಅಂಗಿ ಬಂದದ್ದೇ ತಡ, ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಟ್ಟಿರಿ. ನನ್ನ ಪರವಾಗಿ ಒಂದು ಸಾಕ್ಷಿಯನ್ನೂ ಹೇಳದ ತಮ್ಮ ಪ್ರಾಮಾಣಿಕತೆಗೆ ಏನೆನ್ನಲಿ! ಇವತ್ತು ಬೆಳಿಗ್ಗೆ ನಾನೇ ಬಚ್ಚಲಿಗೆ ಹೋಗಿ, ಎಣ್ಣೆ ಬೇಡ, ಉಣ್ಣೆ ಬೇಡ, ಉಗುರುಬೆಚ್ಚಗಿನ ನೀರಾದರೆ ನಾನು ಹೊಯ್ಯಬಹುದಲ್ಲ ಎಂದು ಕೇಳಬೇಕಾಯಿತು. ಕೇಳಿದ್ದು ನಾನು, ಈ ಮನೆಯಲ್ಲಿ! ಕವನಾ ಚೊಂಬು ಕೊಟ್ಟಳು, ಕೂಸು ನಕ್ಕಿತು.

ಮನಸ್ಸಿಲ್ಲದಿದ್ದರೂ ಪತ್ರದ ಮರ್ಯಾದೆಗಾಗಿ,
ತಮ್ಮ ವಿಶ್ವಾಸಿ,
ಪೂವಮ್ಮ

ಮತ್ತೊಂದು ಮಾತು: ತಮ್ಮವರ ಒಂದು ತಂಡ ನನ್ನ ಶಾಲಿನ ಕೆಳಗೆ, ಕೈಗೆ ಎಟುಕದ ಕಡೆ, ಬೆನ್ನ ಮೇಲೆ ಉಳಿದುಕೊಂಡಿದೆ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಿದ್ದಾಗ ಕವನಾ ನೋಡಿಬಿಟ್ಟಳು. ನಾಳೆಯಿಂದ ನನಗೂ ಅವಳೇ ನೀರು ಹೊಯ್ಯುತ್ತಾಳಂತೆ. ಇದೊಂದಕ್ಕೆ ಮಾತ್ರ ತಮ್ಮನ್ನು ಕ್ಷಮಿಸಲಾರೆ.