ಭಾವನ ಎರಡನೇ ತಿದ್ದುಪಡಿ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಅಕ್ಕ ಹೇಳುತ್ತಾಳೆ, ಕಟ್ಟಿಕೊಂಡವಳು, ಅವಳಿಗೆ ಹಕ್ಕಿದೆ. ಹಕ್ಕು ಎಂದೆನಲ್ಲ, ಎಲ್ಲ ಶುರುವಾದದ್ದು ಅದರಿಂದಲೇ.

ಕ್ಯಾರಿ ಎಂಬ ಊರಿನಲ್ಲಿ ಎಷ್ಟೋ ವರ್ಷ ತೆಪ್ಪಗಿದ್ದ ಭಾವ ತೊಂಬತ್ತರ ದಶಕದಲ್ಲಿ ಅಮೆರಿಕದ ಪ್ರಜೆಯಾದರು. ಬಳಸದ ಹಕ್ಕು ಫ್ರಿಜ್ಜಿನಲ್ಲಿ ಮರೆತ ಮೊಸರಿನ ಹಾಗೆ ಹುಳಿಯುತ್ತದೆ ಎಂದು ಅವರ ಸಿದ್ಧಾಂತ. ವಾಕ್ ಸ್ವಾತಂತ್ರ್ಯವಿದೆಯೆಂದು ಊರಿನ ಕೌನ್ಸಿಲ್ ಸಭೆಯಲ್ಲಿ ಅಳಿಲುಗಳ ಕಾಟದ ಬಗ್ಗೆ ಭಾಷಣ ಬಿಗಿದರು; ಸಮಯ ಮುಗಿಯಿತೆಂದು ಮೈಕ್ ಆಫ್ ಆಯಿತು. ಧರ್ಮ ಸ್ವಾತಂತ್ರ್ಯವಿದೆಯೆಂದು ಗಣೇಶನನ್ನು ಕೆರೆಗೆ ಬಿಡಲು ಹೋದರೆ ಪಾರ್ಕಿನವನು ಪರ್ಮಿಟ್ ಕೇಳಿದ. ಕೊನೆಗೆ ಗಣೇಶ ಹಿತ್ತಲಿನ ಬಕೆಟ್ಟಿನಲ್ಲಿ ಮುಳುಗಿದ, ಕಿರೀಟವೊಂದು ಮೇಲೆಯೇ ಉಳಿಯಿತು.

ಇಂಥ ವಿಚಿತ್ರಗಳು ನಮಗೆ ಹೊಸತಲ್ಲ. ಮೈಸೂರಲ್ಲಿ ಅವರ ತಾಯಿ ತೀರಿಕೊಂಡ ವರ್ಷ, ಚಳಿಗಾಲವಿಡೀ ಗರಾಜಿನ ಬಾಗಿಲು ಹಾಕಿಕೊಂಡು ಕಾರಿನಲ್ಲೇ ಕೂತಿರುತ್ತಿದ್ದರು. "ರೇಡಿಯೋ ಚೆನ್ನಾಗಿ ಕೇಳ್ಸುತ್ತೆ" ಎನ್ನುತ್ತಿದ್ದರು. ನಾವು ನಕ್ಕು ಸುಮ್ಮನಾದೆವು.

ಈಗ ಉಳಿದದ್ದು ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿ, ಅಂದರೆ ಬಂದೂಕು ಇಟ್ಟುಕೊಳ್ಳುವ ಹಕ್ಕು. ಜಿರಲೆ ಕಂಡರೆ ಅಕ್ಕನನ್ನು ಕೂಗುವ ಮನುಷ್ಯ ಪಿಸ್ತೂಲು ಕೊಳ್ಳುತ್ತೇನೆಂದು ಹಟ ಹಿಡಿದರು!

ಪಕ್ಕದೂರು ರಾಲಿಯಲ್ಲಿದ್ದ ನನಗೆ ಅಕ್ಕ ಫೋನ್ ಮಾಡಿದಳು. "ಹೇಗಾದ್ರೂ ತಪ್ಸೋ. ಅದು ಈ ಮನೆಗೆ ಬರಕೂಡದು." ಅವಳ ದನಿ ನಡುಗುತ್ತಿತ್ತು. ಇಷ್ಟಕ್ಕೆ ಯಾಕೆ ನಡುಕ ಎಂದು ನನಗೆ ಅರ್ಥವಾಗಲಿಲ್ಲ.

"ಪಿಸ್ತೂಲಿಗೆ ಪರ್ಮಿಟ್ ಕೊಡೋ ಮುಂಚೆ ಶೆರಿಫ್ ಆಫೀಸಿನ ಪೊಲೀಸರು ನಿಮ್ಮ ಜಾತಕ ಜಾಲಾಡ್ತಾರೆ ಭಾವ" ಎಂದು ಅವರ ಮನೆಗೆ ಹೋಗಿ, ಕಾಫಿ ಕುಡಿಯುತ್ತಾ ಹೆದರಿಸಿದೆ.

"ಅದೇ ತಪ್ಪು. ಮಾತಾಡೋಕೆ, ಪೂಜೆ ಮಾಡೋಕೆ ಬ್ಯಾಕ್‌ಗ್ರೌಂಡ್ ಚೆಕ್ ಇದೆಯಾ?"

"ಗಣೇಶಂಗೆ ಪರ್ಮಿಟ್ ಕೇಳಿದ್ರಲ್ಲ."

"ಹೌದಲ್ವಾ. ದೇವರನ್ನೇ ಕೇಳೋರು ಪಿಸ್ತೂಲನ್ನ ಸುಮ್ನೆ ಬಿಡ್ತಾರಾ?"

"ಅಂದ್ರೆ ಚೆಕ್ ಇರ್ಬೇಕು ಅಂತೀರಾ?"

"ಯಾರಯ್ಯ ಹೇಳಿದ್ದು? ದೇವರನ್ನೂ ಕೇಳ್ಬಾರ್ದಿತ್ತು."

ಕಾಫಿ ಮುಗಿಯುವಷ್ಟರಲ್ಲಿ ಅವರು ಯಾವ ಕಡೆ, ನಾನು ಯಾವ ಕಡೆ ಎಂಬುದೇ ಕಲಸುಮೇಲೋಗರ. ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಷ್ಟಕ್ಕೂ ಭಾವನಷ್ಟು ಚೆಕ್ ಮಾಡುವವರು ಇಡೀ ಕ್ಯಾರಿಯಲ್ಲಿದ್ದಾರೆಯೇ? ಹೊಸಬರು ಮನೆಗೆ ಬಂದರೆ ಯಾವ ಬೀದಿ, ಯಾರ ಪೈಕಿ, ಯಾವ ವೀಸಾ, ಮಕ್ಕಳು ಯಾಕಿಲ್ಲ ಎಂಬುದೆಲ್ಲ ಇತ್ಯರ್ಥವಾದ ಮೇಲೇ ಉಪ್ಪಿಟ್ಟು. ನಾವೆಲ್ಲರೂ ಹಾಗೇ ಅನ್ನಿ.

ಅಂತೂ ತಪ್ಪಿಸಲಾಗದೆ, ಅವರನ್ನು ಶೆರಿಫ್ ಆಫೀಸಿಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಭಾವ ಎದೆ ಸೆಟೆಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಬಂದು, ಕಾರು ಹತ್ತಿ, ಸೀಟ್‌ಬೆಲ್ಟ್ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕೂತರು.

"ಏನಾಯ್ತು ಭಾವ?"

"ಏನೇನೋ ಕೇಳಿದ್ರು. ಕೊನೆಗೆ, ಯಾವತ್ತಾದ್ರೂ ಬದುಕು ಸಾಕು ಅನ್ಸಿತ್ತಾ ಅಂದ್ರು."

"ಇಲ್ಲ ಅಂದ್ರಿ ತಾನೆ?"

"ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಕಣಯ್ಯ. ಅಮ್ಮ ಹೋದಾಗ ಅನ್ಸಿತ್ತು ಅಂದೆ. ಪಿಸ್ತೂಲು ಬೇಡ ಅಂತ ನಾನೇ ಹೇಳಿ ಬಂದೆ." ಕಿಟಕಿಯ ಕಡೆ ತಿರುಗಿದರು. "ಇಷ್ಟು ವರ್ಷದಲ್ಲಿ ಯಾರೂ ನನ್ನ ಅದನ್ನ ಕೇಳೇ ಇರ್ಲಿಲ್ಲ, ನೋಡು."

ಆ ಗರಾಜು, ಆ ರೇಡಿಯೋ, ಅಕ್ಕನ ನಡುಗುವ ದನಿ ಎಲ್ಲ ಒಟ್ಟಿಗೆ ಅರ್ಥವಾಯಿತು. ಕಾರನ್ನು ಅವರ ಮನೆಯ ಮುಂದೆ ನಿಲ್ಲಿಸಿದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಭಾವ, ಈಗಲೂ ಹಾಗೆ ಅನ್ಸುತ್ತಾ?" ಎಂದು ಇಳಿಯುವ ಮುಂಚೆ ಕೇಳಿದೆ.

ಅವರು ಯೋಚಿಸಿ, "ಯಾರಾದ್ರೂ ಹೀಗೆ ಕೇಳಿದ ದಿನ ಅನ್ಸಲ್ಲ" ಎಂದರು.

ಅಂದಿನಿಂದ ದಿನಾ ಸಂಜೆ ಫೋನ್ ಮಾಡಿ ಕೇಳುತ್ತೇನೆ. "ನಿನ್ನ ಚೆಕ್ ಮುಗೀತೇನಯ್ಯ?" ಎಂದು ರೇಗುತ್ತಾರೆ. ಆದರೆ ಮೊದಲ ರಿಂಗಿಗೇ ಎತ್ತುತ್ತಾರೆ.