ಹೊಗೆ ಕುಡಿದ ಸುಣ್ಣ

ಸುಣ್ಣದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ನರಸೀಪುರದಿಂದ ನಂಜನಗೂಡಿನವರೆಗೆ ಒಬ್ಬರೂ ಇಲ್ಲ ಎಂದು ನಾನು ಐವತ್ತು ವರ್ಷ ನಂಬಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲೇ ಅಪ್ಪ ನನ್ನನ್ನು ಆಲೆಮನೆಗೆ ಕರೆದೊಯ್ದು, ಕುದಿಯುವ ಕಬ್ಬಿನ ಹಾಲಿಗೆ ಎಷ್ಟು ಸುಣ್ಣ ಬಿಡಬೇಕೆಂದು ಬೆರಳಿನಲ್ಲೇ ತೋರಿಸಿಕೊಟ್ಟಿದ್ದರು. ಹೆಚ್ಚಾದರೆ ಬೆಲ್ಲ ಕಪ್ಪು, ಕಮ್ಮಿಯಾದರೆ ಅಚ್ಚು ಕಟ್ಟುವುದಿಲ್ಲ.

ಆಗ ಹೊಗೆಗೂ ಒಂದು ಮಾತಿತ್ತು. ಕಪಿಲೆಯ ಆಚೆ ದಡದ ನಮ್ಮ ಮನೆಯಿಂದ ಅವ್ವ ಹೊಗೆ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಕಪ್ಪಗೆ ಎದ್ದರೆ ಈಗ ಒಲೆ ಹಚ್ಚಿದ್ದಾರೆ. ತೆಳ್ಳಗಾದರೆ ಪಾಕ ಬಂತು, ಬುತ್ತಿ ಕಳಿಸಬೇಕು. ಅವ್ವನ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಮುದ್ದೆ ಬಿಸಿಯಾಗಿಯೇ ಬರುತ್ತಿತ್ತು.

ಅಂಥ ಹೊಗೆಯನ್ನು ಹಿಡಿಯಲು ಎರಡು ಸುಗ್ಗಿಯ ಹಿಂದೆ ಚೈತ್ರ ಬಂದಳು. ಚಿಕ್ಕಯ್ಯನಛತ್ರದ ರೈತರ ಮಗಳು, ಮೈಸೂರಿನಲ್ಲಿ ಸಂಶೋಧನೆ ಮಾಡುವವಳು. ನಮ್ಮ ಚಿಮಣಿಗೆ ಎರಡು ಪೈಪು ಜೋಡಿಸಿದಳು.

"ಇದೊಂದು ಪೈಪು ಸ್ವಲ್ಪ ಹೊಗೆಯ ವಾಪಸ್ ಒಲೆಗೇ ಕಳಿಸ್ತದೆ ತಾತ. ಉರಿ ತಣ್ಣಗಾಗಿ ಸಾರಜನಕದ ಆಕ್ಸೈಡು ಕಮ್ಮಿಯಾಯ್ತದೆ. ಇನ್ನೊಂದು ಈ ಡ್ರಮ್ಮಿನ ಸುಣ್ಣದ ನೀರಿಗೆ ಹೋಯ್ತದೆ. ಸುಣ್ಣ ಇಂಗಾಲದ ಡೈಆಕ್ಸೈಡ ಹಿಡ್ಕೊಳ್ತದೆ."

"ನಂಗೆ ಸುಣ್ಣದ ಪಾಠ ಹೇಳ್ತೀಯ ಕೂಸೇ?" ಎಂದು ನಕ್ಕೆ.

"ಸುಗ್ಗಿ ಮುಗ್ದಾಗ ಈ ಸುಣ್ಣವ ತೂಕ ಮಾಡಿ ತೋರಿಸಿದ್ರೇನೇ ನಂಗೆ ಡಾಕ್ಟರೇಟು. ಇಲ್ದಿದ್ರೆ ಮೂರು ವರ್ಷದ ಕೆಲಸ ನೀರುಪಾಲು. ಯಾರೂ ಮುಟ್ಟಬಾರದು ತಾತ!"

ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತೇನೆಂದು ಕಬ್ಬಿನ ಗಾಣ ಮುಟ್ಟಿ ಮಾತು ಕೊಟ್ಟೆ. 'ಯಾರೂ' ಎಂಬುದರಲ್ಲಿ ನಾನೂ ಸೇರುತ್ತೇನೆಂದು ಹೊಳೆಯಲಿಲ್ಲ!

ಮೂರು ತಿಂಗಳು ಕಾವಲು ಕಾದೆ. ಮೈಸೂರಿನಿಂದ ಅವಳ ಗುರುಗಳು ಬರುವ ಹಿಂದಿನ ದಿನ ಬೆಳಿಗ್ಗೆ, ಗೆಳೆಯ ಪುಟ್ಟಮಾದಪ್ಪ ಎಲೆ ಅಡಿಕೆ ಜಗಿಯುತ್ತಾ ಬಂದು ನನ್ನ ಮುಂದೆ ನಾಲಿಗೆ ಚಾಚಿದ.

"ನೋಡ್ಲಾ ನಂಜುಂಡ, ಬಾಯಿ ಕೆಂಪಾಗದೆಯಾ? ನಿನ್ ಡ್ರಮ್ಮಿಂದ ಒಂಚೂರು ಸುಣ್ಣ ತಕಂಡೆ. ಸುಣ್ಣ ಸತ್ತೋಗದೆ ಕಣ್ಲಾ!"

ನಾನೂ ಎಲೆಗೆ ಹಚ್ಚಿ ಜಗಿದೆ. ಖಾರವಿಲ್ಲ, ಕೆಂಪಿಲ್ಲ. ಸೀಮೆಸುಣ್ಣ ತಿಂದಂತಾಯಿತು. ನಿಜಕ್ಕೂ ಸತ್ತಿದೆ!

ದೊಡ್ಡ ಮೇಷ್ಟ್ರು ಬರುತ್ತಿದ್ದಾರೆ, ಈ ಕೂಸು ಸತ್ತ ಸುಣ್ಣ ತೋರಿಸಿದರೆ ನಮ್ಮ ಆಲೆಮನೆಯ ಮಾನ ಏನಾಗಬೇಡ? ತಕ್ಷಣ ಕಾರ್ಯೋನ್ಮುಖನಾದೆ. ಡ್ರಮ್ ಬಳಿದು ತೆಗೆದು, ಹೊಸ ಸುಣ್ಣ ಅರಳಿಸಿ, ಬಟ್ಟೆಯಲ್ಲಿ ಸೋಸಿ ತುಂಬಿದೆ. ಹಳೆಯದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಆಲೆಮನೆಯ ಗೋಡೆಗೆ ಬಳಿದೆ. ಹೆಮ್ಮರಗಾಲದ ತವರಿಗೆ ಹೋಗಿದ್ದ ಹೆಂಡತಿ ಸಾಕಮ್ಮ ಸಂಜೆ ಬಂದು ಗೋಡೆ ನೋಡಿದಳು, ಡ್ರಮ್ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಮೆಚ್ಚಿದಳೆಂದುಕೊಂಡೆ.

ಮಾರನೆಯ ದಿನ ಮೇಷ್ಟ್ರು ಬಂದರು. ಬಿಸಿ ಬೆಲ್ಲ ತಿಂದು, ಬಿಳಿ ಗೋಡೆಗೆ ಒರಗಿ ನಿಂತು, "ಎಲ್ಲಿ ನೋಡೋಣಮ್ಮ" ಎಂದರು. ಚೈತ್ರ ಡ್ರಮ್ಮಿನ ಸುಣ್ಣದ ಮೇಲೆ ಒಂದು ಹನಿ ಆಸಿಡ್ ಬಿಟ್ಟಳು. ಹೊಗೆ ಸಿಕ್ಕಿದ್ದರೆ ನೊರೆ ಏಳಬೇಕಂತೆ.

ಏಳಲಿಲ್ಲ.

ಇನ್ನೊಂದು ಹನಿ. ಊಹ್ಞೂಂ.

"ತಪ್ಪು ನಂದೇ ಸಾರ್. ಪೈಪ್ ಜೋಡಿಸೋದ್ರಲ್ಲೇ ಎಡವಿದ್ದೀನಿ" ಎಂದಳು. ಕಣ್ಣು ತುಂಬಿತ್ತು.

ಅಲ್ಲೇ ಹೇಳಬೇಕಿತ್ತು. ಬದಲಿಗೆ, "ಇನ್ನೊಂಚೂರು ಬೆಲ್ಲ ತಗಳಿ ಸಾ" ಎಂದೆ! ಈ ಜನ್ಮದಲ್ಲಿ ನಾನು ಆಡಿದ ಅತ್ಯಂತ ಹೇಡಿ ಮಾತು ಅದೇ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸಾಕಮ್ಮ ಪಕ್ಕೆಗೆ ತಿವಿದಳು. "ನೀವೇ ಬಾಯ್ ಬುಡ್ತೀರೋ, ನಾನೇ ಬುಡ್ಲೋ?"

ನನ್ನ ಕಣ್ಣು ಡ್ರಮ್ಮಿನತ್ತ ಬಗ್ಗಿದ್ದ ಮೇಷ್ಟ್ರ ನೀಲಿ ಅಂಗಿಯ ಬೆನ್ನಿನ ಮೇಲಿತ್ತು. ಸತ್ತ ಸುಣ್ಣ ಗೋಡೆ ಹಿಡಿಯುವುದಿಲ್ಲ. ಬೆನ್ನು ಪೂರ್ತಿ ಬೆಳ್ಳಗಾಗಿತ್ತು.

"ಸಾ, ಆ ಆಸಿಡ್ಡ ನಿಮ್ ಬೆನ್ ಮೇಲೆ ಒಂದ್ ಹನಿ ಬುಡಿಸ್ಕಳಿ."

"ಏನ್ರೀ? ನನ್ ಬೆನ್ ಮೇಲೆ ಆಸಿಡ್ಡಾ?" ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಗೋಡೆಗೇ ಅಂಟಿಕೊಂಡರು!

ಆಗ ಎಲ್ಲ ಒಪ್ಪಿಕೊಂಡೆ. ಚೈತ್ರ ಗೋಡೆಗೆ ಒಂದು ಹನಿ ಬಿಟ್ಟಳು. ಬುಸ್ಸೆಂದು ನೊರೆ ಎದ್ದಿತು. ಅವಳು ಅಳುತ್ತಲೇ ನಕ್ಕಳು. ಸುಣ್ಣ ಸತ್ತಿರಲಿಲ್ಲ, ಹೊಟ್ಟೆ ತುಂಬ ಹೊಗೆ ಕುಡಿದಿತ್ತು. ಅದನ್ನು ಮೊದಲು ಕಂಡುಹಿಡಿದವನು ಪುಟ್ಟಮಾದಪ್ಪ, ನಾಲಿಗೆಯಿಂದ!

ಆದರೆ ಗೋಡೆಯ ಮೇಲೆಷ್ಟು, ಅಂಗಿಯ ಮೇಲೆಷ್ಟು, ನಮ್ಮಿಬ್ಬರ ಹೊಟ್ಟೆಯೊಳಗೆಷ್ಟು ಎಂದು ತೂಕ ಮಾಡುವುದು ಹೇಗೆ? ಪಾಪ, ಆ ಮಗು ಮರುವರ್ಷದ ಸುಗ್ಗಿಯನ್ನೆಲ್ಲ ಮತ್ತೆ ನಮ್ಮ ಒಲೆಯ ಮುಂದೆ ಕಳೆಯಬೇಕಾಯಿತು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ಸಲ ತೂಕ ಸರಿಬಂತು, ಡಾಕ್ಟರೇಟೂ ಬಂತು.

ಈಗ ನಮ್ಮ ಚಿಮಣಿಯಲ್ಲಿ ಹೊಗೆ ಅಷ್ಟಕ್ಕಷ್ಟೇ. ಅವ್ವ ಇದ್ದಿದ್ದರೆ ಆಚೆ ದಡದಲ್ಲಿ ಕೈ ಅಡ್ಡ ಹಿಡಿದು ನೋಡಿ ನೋಡಿ, ಬುತ್ತಿ ಯಾವಾಗ ಕಳಿಸಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಳು.

ಡ್ರಮ್ಮಿಗೆ ಬೀಗ ಬಿದ್ದಿದೆ. ಬೀಗದ ಕೈ ಸಾಕಮ್ಮನ ಸೊಂಟದಲ್ಲಿ. ಮನೆಯ ಸುಣ್ಣದ ಡಬ್ಬಿಯೂ ಅವಳ ವಶದಲ್ಲೇ. ಐವತ್ತು ವರ್ಷದ ಸುಣ್ಣದ ಪಂಡಿತನಾದ ನಾನು ಊಟವಾದ ಮೇಲೆ ಎಲೆ ಹಿಡಿದು ಅವಳ ಮುಂದೆ ನಿಲ್ಲುತ್ತೇನೆ. ಅವಳು ಬೆರಳ ತುದಿಯಲ್ಲಿ ಅಳೆದು, ತಾನೇ ಹಚ್ಚಿಕೊಡುತ್ತಾಳೆ.