ಮುಖ ಕಾಣುವ ಬಂಪರ್

ಈ ಕೈಗಳು ಬರೀ ಫೈಲು ತಿರುವುವುದಕ್ಕೆ ಹುಟ್ಟಿದವಲ್ಲ ಎಂದು ಲೋಕಕ್ಕೆ ತೋರಿಸಿಯೇ ಬಿಡುವುದೆಂದು ತೀರ್ಮಾನಿಸಿದೆ! ಲೋಕ ಅಂದರೆ ಸದ್ಯಕ್ಕೆ ನನ್ನ ಹೆಂಡತಿ ಮತ್ತು ಮಾವನವರು.

ಮಾವ ಜೀವಮಾನವೆಲ್ಲ ಓಡಿಸಿದ ಹಳೇ ಲಾರಿ ನಮ್ಮ ಶೆಡ್ಡಿನಲ್ಲಿತ್ತು. ನನ್ನ ಹೆಂಡತಿ ಉಂಡದ್ದು, ಓದಿದ್ದು ಅದರ ದುಡಿಮೆಯಲ್ಲೇ. ಮಂಡಿ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ ಮಾವ, "ಮನೆಗೆ ಬಂದ ದಿನ ಅದ್ರಲ್ಲಿ ಕೂತು ಒಂದು ಸುತ್ತು ಹೋಗ್ಬೇಕಮ್ಮ" ಎಂದು ಮಗಳಿಂದ ಮಾತು ತೆಗೆದುಕೊಂಡಿದ್ದರು. ಎಂಜಿನ್ನನ್ನು ಮೆಕ್ಯಾನಿಕ್ ಸರಿಮಾಡಿ ಹೋಗಿದ್ದ. ಸೊಟ್ಟಗಾದ ಬಂಪರು ನನ್ನ ಪಾಲಿಗೆ ಬಂತು. ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಹೊಸದು ಮಾಡುತ್ತೇನೆಂದು ಘೋಷಿಸಿ, ವೆಲ್ಡಿಂಗ್ ಮೆಷಿನ್ ಬಾಡಿಗೆಗೆ ತಂದೆ.

"ಹಳೇದು ಹೇಗಿದೆಯೋ ಹಾಗೇ ಮಾಡಿ. ನಡುವಿನ ತೂತೂ ಇರ್ಲಿ" ಎಂದಳು ಹೆಂಡತಿ.

"ತೂತಿರೋ ಬಂಪರ್ ಯಾರಾದ್ರೂ ಮಾಡ್ತಾರೇನೇ? ಅದು ತುಕ್ಕು ತಿಂದಿರೋದು."

"ತುಕ್ಕು ಅಷ್ಟು ದುಂಡಗೆ ತಿನ್ನುತ್ತಾ?"

ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ಮುಖಕ್ಕೆ ವೆಲ್ಡಿಂಗ್ ಗುರಾಣಿ ಇಳಿಸಿಕೊಂಡು ಕಿಡಿ ಹಾರಿಸತೊಡಗಿದೆ. ಅವಳು ಆಸ್ಪತ್ರೆಗೆ ಹೋದಳು.

ಬಂಪರನ್ನು ಎತ್ತರಕ್ಕೆ ನಿಲ್ಲಿಸಲು ಆಸರೆ ಬೇಕಿತ್ತು. ಶೆಡ್ಡಿನ ಗೋಡೆಗೆ ನೇತುಹಾಕಿದ್ದ, ಎರಡು ಕಡೆ ಬಾಗಿದ ಕಬ್ಬಿಣದ ಸರಳೊಂದು ಸಿಕ್ಕಿತು. ಕೆಲಸಕ್ಕೆ ಬಾರದ ವಸ್ತುವಿಗೂ ಒಂದು ಕಾಲ ಬರುತ್ತದೆ ಎಂದುಕೊಂಡು ಅದನ್ನೇ ಆಸರೆಗೆ ಕೊಟ್ಟೆ. ಲಾರಿಯ ಅಡಿಚೌಕಟ್ಟಿಗೆ ಬಂಪರು ಕೂರಿಸಿ ನಟ್ಟು ಬಿಗಿದೆ. ಸಾಲದ್ದಕ್ಕೆ ಆ ನಟ್ಟುಗಳ ಮೇಲೂ ಬೆಸುಗೆ ಹಾಕಿದೆ. ಪಾಲಿಶ್ ಮಾಡಿದ ಮೇಲೆ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಿದೆ.

ಮಾವ ಬಂದರು. ನಾವಿಬ್ಬರೂ ಹಿಡಿದು ಎತ್ತಿ ಕ್ಯಾಬಿನ್ನಿನ ಪಕ್ಕದ ಸೀಟಿನಲ್ಲಿ ಕೂರಿಸಿದೆವು. ಕೈಚಾಚಿ ಸ್ಟಿಯರಿಂಗ್ ಸವರಿದ ಅವರ ಕಣ್ಣು ತುಂಬಿತು.

"ಹ್ಯಾಂಡ್ಲ್ ಎಲ್ರೀ?" ಎಂದಳು ಹೆಂಡತಿ.

"ಯಾವ ಹ್ಯಾಂಡ್ಲು?"

ಅವಳು, ಕೆಲಸ ಮುಗಿಸಿ ನಾನು ಮೂಲೆಗೆ ಎಸೆದಿದ್ದ ಬಾಗಿದ ಸರಳನ್ನು ಎತ್ತಿಕೊಂಡು ಲಾರಿಯ ಮುಂದೆ ನಿಂತಳು. ಈ ಲಾರಿ ಚಾಲೂ ಆಗುವುದೇ ಬಂಪರಿನ ತೂತಿನೊಳಗೆ ಆ ಸರಳು ತೂರಿಸಿ ಎಂಜಿನ್ ತಿರುಗಿಸಿದರೆ ಎಂಬ ಪರಮ ಸತ್ಯ ನನಗೆ ಆ ಕ್ಷಣದಲ್ಲಿ ಹೊಳೆಯಿತು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದಳು. "ಬಿಚ್ಚಿ ಅದನ್ನ."

"ಬಿಚ್ಚೋಕಾಗಲ್ಲ. ನಟ್ಟಿಗೂ ವೆಲ್ಡಿಂಗ್ ಮಾಡಿದ್ದೀನಿ."

ಮೇಲೆ ಮಾವ ಮಗುವಿನಂತೆ ಕಾಯುತ್ತಿದ್ದರು. ನನಗೆ ಅಳುವೇ ಬಂತು. ಹೆಂಡತಿ ಮತ್ತೆ ಬೈಯಲಿಲ್ಲ. ಸೀರೆ ಸೆರಗು ಸಿಕ್ಕಿಸಿ, ಸ್ಟಿಯರಿಂಗ್ ಹಿಂದೆ ಹತ್ತಿ ಕೂತು, "ಹೇಗೂ ಶೆಡ್ಡಿಂದ ಹಿಂದಕ್ಕೇ ತೆಗೀಬೇಕು. ರಿವರ್ಸ್ ಗೇರಲ್ಲಿ ಚಾಲೂ ಮಾಡ್ತೀನಿ. ಮುಂದಿನಿಂದ ತಳ್ಳಿ" ಎಂದಳು. ಡ್ರೈವರನ ಮಗಳು!

ಅಕ್ಕಪಕ್ಕದವರೂ ಕೈ ಕೊಟ್ಟರು. ಬಂಪರು ಹಿಡಿದು ತಳ್ಳುತ್ತಾ ಬೆವರು ಸುರಿಯುವ ನನ್ನ ಮುಖವನ್ನು ಅದರಲ್ಲೇ ಸ್ಪಷ್ಟವಾಗಿ ಕಂಡೆ. ಶೆಡ್ಡಿನ ಇಳಿಜಾರು ದಾಟುವಾಗ ಎಂಜಿನ್ ಕೆಮ್ಮಿತು, ಗುಡುಗಿತು. ಮಾವ ಹಾರ್ನ್ ಒತ್ತಿದರು. ನನ್ನ ತಪ್ಪನ್ನು ಅಷ್ಟು ಸದ್ದಿಲ್ಲದೆ ಮುಚ್ಚಿದವಳಿಗೆ ಅಲ್ಲೇ ಕೈಮುಗಿಯಬೇಕೆನಿಸಿತು.

ಸುತ್ತು ಮುಗಿಸಿ ಇಳಿದ ಮಾವ ಬಂಪರನ್ನು ತಟ್ಟಿದರು. "ಬೆಸುಗೆ ಗಟ್ಟಿಯಾಗಿದೆ ಅಳಿಯಂದಿರೇ. ಅಷ್ಟು ಜನ ತಳ್ಳಿದ್ರೂ ಅಲುಗಾಡ್ಲಿಲ್ಲ. ನಡುವೆ ಒಂದು ತೂತು ಹೊಡೆದ್ರೆ ಆಯ್ತು."

ನನ್ನ ಎದೆ ಉಬ್ಬಿತು.

"ತೂತು ಯಾಕಪ್ಪ?" ಎಂದಳು ಹೆಂಡತಿ. "ಹ್ಯಾಂಡ್ಲ್ ತಿರುಗಿಸಿದ್ರೆ ನಿಮ್ಮ ಮಂಡಿ ನೋಯುತ್ತೆ. ತಳ್ಳೋಕೆ ಮನೇಲೇ ಅಳಿಯ ಇದ್ದಾರಲ್ಲ."